ಮೂರು ಕೂ

ಕೊಪ್ಪ ಬಸ್‌ಸ್ಟ್ಯಾಂಡಲ್ಲಿ ಇಳಿದು ಕೆಪ್ಪಿ ಪ್ರೇಮಕ್ಕನ ಅಂಗಡಿ ಎಲ್ಲಿ ಅಂತ ಕೇಳಿದ್ರೆ ಯಾರು ಬೇಕಾದ್ರೂ ಕೈ ತೋರಿಸ್ತಿದ್ರು. ಬೋರ್ಡಲ್ಲಿ ಪ್ರೇಮಾ ಲೇಡೀಸ್ ಟೈಲರ್ ಅಂತ ದಪ್ಪಕ್ಷರದಲ್ಲೇ ಇತ್ತು. ಬೋರ್ಡ್ ಓದೋರು ಯಾರು ಮಾರಾಯ? ಬಾಯಲ್ಲಿ ಬಂದದ್ದೇ ಹೆಸರು.

ಬ್ಲೌಸ್ ಅಳತೆ ಕೊಡಕ್ಕೆ ಬಂದ ಹೆಂಗಸರು ಅವಳ ಕಿವಿ ಹತ್ರ ಬಾಯಿಟ್ಟು, "ಪ್ರೇಮಕ್ಕಾ, ತೋಳು ಉದ್ದಾ ಇಡಿ, ಉದ್ದಾ!" ಅಂತ ಕಿರುಚೋರು. ಆಮೇಲೆ ಪಕ್ಕದೋಳ ಹತ್ರ ಮೆಲ್ಲಗೆ, "ಪಾಪ, ಎಂತದೂ ಕೇಳಲ್ಲ ಇವ್ರಿಗೆ" ಅನ್ನೋರು. ಆ ಮೆಲ್ಲಗೆ ಅಂದದ್ದೂ ಕೇಳ್ತಿತ್ತು ಪ್ರೇಮಕ್ಕನಿಗೆ. ಯಾರ ಸೊಸೆ ತವರಿಗೆ ಹೋಗಿ ಕೂತಿದಾಳೆ, ಯಾರ ಗಂಡ ಎಲ್ಲಿ ಎಷ್ಟು ಕುಡಿದ, ಎಲ್ಲಾ ಕೇಳ್ತಿತ್ತು. ಅವಳ ಕಿವಿ ಹೆಂಗಿತ್ತು ಅಂದ್ರೆ, ಹೊಲಿಗೆ ಮಷಿನ್ನಿನ ಸೂಜಿ ಮೊಂಡಾಗಕ್ಕೆ ಎರಡು ದಿವ್ಸ ಮುಂಚೆಯೇ ಸದ್ದಲ್ಲೇ ಕಂಡುಹಿಡಿಯೋಳು.

ಹಂಗಾದ್ರೆ ಕೆಪ್ಪಿ ಅನ್ನೋ ಹೆಸರು ಎಲ್ಲಿಂದ ಬಂತು? ಅದು ಯಜ್ಞೇಶಣ್ಣ ಕೊಟ್ಟದ್ದು.

ಮೂವತ್ನಾಲ್ಕು ವರ್ಷದ ಹಿಂದಿನ ಮಾತು. ಅವಳಿಗೆ ಆಗ ಇಪ್ಪತ್ಮೂರು. ಊರು ಶೆಟ್ಟಿಕೊಪ್ಪ. ಬಾಳೆಹೊನ್ನೂರಿನ ಕಡೆ ಒಂದು ಗಂಡು ನಿಶ್ಚಯ ಆಗಿತ್ತು. ಮದುವೆಗೆ ಮುಂಚೆ ನಾಲ್ಕು ದಿವ್ಸ ಇದ್ದು ಬರಣ ಅಂತ ಅಡ್ಡಗದ್ದೆಗೆ, ಗಿರಿಯಮ್ಮ ಅಂತ ಸೋದರತ್ತೆ ಮನೆಗೆ ಹೋಗಿದ್ಲು. ಒಂದಿನ ಬೆಳಿಗ್ಗೆ ಕತ್ತಿ ಹಿಡ್ಕೊಂಡು ಬಿದಿರುಮೆಳೆಗೆ ಹೋದ್ಲು, ಕಳಲೆ ತರಕ್ಕೆ. ಬಗ್ಗಿ ಎಳೇ ಬಿದಿರು ಮುರೀತಾ ಇದ್ಲು. ಢಂ ಅಂತು. ಬಲಮಂಡಿಗೆ ಎಂಟು ಚರೆ, ಸೀಸದ ಸಣ್ಣ ಗುಂಡು, ಹೊಕ್ಕಿತ್ತು. ಹೊಡೆದೋನು ಅದೇ ಊರಿನ ಯಜ್ಞೇಶ, ಗದ್ದೆಗೆ ಹಂದಿ ಬರತ್ತೆ ಅಂತ ಲೈಸೆನ್ಸ್ ಕೋವಿ ಇಟ್ಕೊಂಡೋನು.

ಈಗ ಒಂದು ಕಟ್ಟಳೆ ಹೇಳ್ಬೇಕು. ನಮ್ಮ ಕಡೆ ಕೋವಿ ಹಿಡಿದೋನು ಮೆಳೆ ಅಲ್ಲಾಡ್ತು ಅಂತ ಸೀದಾ ಹೊಡಿಯಂಗಿಲ್ಲ. ಕೂ ಹಾಕ್ಬೇಕು. ಒಂದಲ್ಲ, ಮೂರು ಸಲ. ಒಳಗೆ ಮನುಷ್ಯ ಇದ್ರೆ ಓ ಅಂತಾನೆ. ಹಂದಿ ಓ ಅನ್ನಲ್ಲ. ಮೂರು ಕೂ ಹಾಕಿ ಉತ್ತರ ಬರ್ಲಿಲ್ಲ ಅಂದ್ರೆ, ಆಮೇಲೆ ಎಂತ ಆದ್ರೂ ಹೊಡೆದೋನ ಮೇಲೆ ತಪ್ಪಿಲ್ಲ. ಕೂ ಹಾಕ್ದೆ ಹೊಡೆದೋನು ಕೋವಿ ಕೆಳಗಿಡ್ಬೇಕು, ಜನ್ಮದಲ್ಲಿ ಮತ್ತೆ ಮುಟ್ಟಂಗಿಲ್ಲ.

ಹಿರಿಯರು ಜಗಲಿ ಮೇಲೆ ಕೂತ್ರು. "ಕೂ ಹಾಕಿದ್ಯನಾ?" ಅಂತ ಕೇಳಿದ್ರು.

"ಮೂರು ಸಲ ಹಾಕಿದೆ. ಆ ಹುಡುಗಿಗೆ ಕೇಳ್ದಿದ್ರೆ ನಾನೆಂತ ಮಾಡ್ಲಿ?" ಅಂದ ಯಜ್ಞೇಶ.

ಪ್ರೇಮಕ್ಕ ಚಾಪೆ ಮೇಲೆ ಮಲಗಿದೋಳು ಅಲ್ಲಿಂದ್ಲೇ ಹೇಳಿದ್ಲು, "ಸುಳ್ಳು. ಗುಂಡು ಬಿದ್ದ ಮೇಲೆ ಒಂದೇ ಒಂದು ಕೂ ಕೇಳ್ತು." ಅಷ್ಟು ಹೇಳಿದ್ದೇ ತಪ್ಪಾಗಿ ಹೋತು. "ನೋಡಿ, ಕೂ ಹಾಕಿದ್ದು ಅವಳೇ ಒಪ್ಕೊಂಡ್ಲಲ್ಲ! ಮೂರನೇದು ಮಾತ್ರ ಕೇಳಿದೆ, ಅದೂ ತಡವಾಗಿ. ಕಿವಿ ಮಂದ" ಅಂತ ಒಬ್ಬ ಹಿರಿಯ ತೀರ್ಮಾನ ಮಾಡಿದ. ಉಳಿದೋರು ತಲೆ ಆಡಿಸಿದ್ರು. ಯಜ್ಞೇಶನ ಕೋವಿ ಯಜ್ಞೇಶನ ಹೆಗಲಲ್ಲೇ ಉಳೀತು. ಬಾಳೆಹೊನ್ನೂರಿನೋರು, ಕಾಲು ಕುಂಟಾದ್ರೆ ಹೆಂಗೋ ನಡಿಯತ್ತೆ, ಕಿವಿ ಕೇಳ್ದಿರೋ ಹೆಣ್ಣು ಬೇಡ ಅಂದ್ರು. ಶಿವಮೊಗ್ಗಕ್ಕೆ ಹೋಗಿ ಡಾಕ್ಟ್ರ ಹತ್ರ ಕಿವಿ ತೋರ್ಸಿ, ಸರಿ ಇದೆ ಅಂತ ಚೀಟಿ ಬರೆಸ್ಕೊಂಡು ಬಂದ್ಲು. "ಈಗ ಗುಣ ಆಗಿರ್ಬೇಕು" ಅಂದ್ರು. ಅಂಥೋರ ಹತ್ರ ಎಂತ ಮಾತಾಡ್ತೀಯ? ಕೊಪ್ಪಕ್ಕೆ ಬಂದು ಹೊಲಿಗೆ ಅಂಗಡಿ ಇಟ್ಲು, ಕೆಪ್ಪಿ ಅನ್ನೋ ಹೆಸರೂ ಹಿಂದೆಯೇ ಬಂತು.

ಕಾಲಲ್ಲಿ ಇನ್ನೂ ಎರಡು ಚರೆ ಹಂಗೇ ಇದೆ. ಅದಕ್ಕಿಂತ ಒಳಗೆ ಇನ್ನೊಂದು ಇತ್ತು. ಕತ್ತಿ ಬಿದಿರಿಗೆ ಬೀಳೋ ಸದ್ದಲ್ಲಿ ಕೂ ಮುಚ್ಚಿಹೋಗಿರ್ಬಹುದಾ? ತಪ್ಪು ನಂದೇ ಇರ್ಬಹುದಾ? ವರ್ಷಕ್ಕೆ ಒಂದೆರಡು ಸಲ ಈ ಅನುಮಾನ ಬರ್ತಿತ್ತು. ಅದು ಬಂದ ದಿವ್ಸ ಅವಳಿಗೆ ಯಜ್ಞೇಶನ ಮೇಲೆ ಇನ್ನೂ ಎರಡರಷ್ಟು ಸಿಟ್ಟು. ಕಾಲು ಹೋತು, ಮದುವೆ ಹೋತು, ಇರಲಿ. ನನ್ನ ಕಿವೀನ ನಾನೇ ನಂಬದಂಗೆ ಮಾಡಿದ್ನಲ್ಲ!

ಅಂಗಡಿಗೆ ತಾಗಿ, ನಡುವೆ ಒಂದೇ ಒಂದು ಪ್ಲೈವುಡ್, ಆಚೆಗೆ ಮುಸವ್ವಿರ್‌ನ ಗೇಮಿಂಗ್ ಸೆಂಟರ್. ನಲವತ್ತು ದಾಟಿದ ಮನುಷ್ಯ, ಒಳ್ಳೆ ಮಾತುಗಾರ. ಮುಂಚೆ ಬ್ರೌಸಿಂಗ್ ಸೆಂಟರ್ ಇತ್ತು, ಈಗ ಆರು ಕಂಪ್ಯೂಟರಲ್ಲಿ ಗುಂಡು ಹೊಡಿಯೋ ಆಟ. ಹೆಂಡ್ತಿ ಅರ್ಶಿಯಾ ಮುಂದಿನ ಕೌಂಟರಲ್ಲಿ ಝೆರಾಕ್ಸ್ ಮಾಡ್ತಾಳೆ. ಹೆಡ್‌ಫೋನ್ ಇದ್ರೂ ಸ್ಪೀಕರ್ ಬಿಟ್ಕೊಂಡೇ ಆಡದು, ಸಂಜೆ ಆದ್ರೆ ಧಡ ಧಡ, ಢಂ ಢಂ. ಪ್ರೇಮಕ್ಕ ಗುಂಡಿ ಹೊಲೀತಾ ಆ ಸದ್ದನ್ನೇ ಕೇಳ್ತಾ ಇರೋಳು. ಆರು ತಿಂಗಳಲ್ಲಿ ಆಟದೊಳಗಿನ ಲೋಕ ಪೂರ್ತಿ ಕಿವಿಯಲ್ಲೇ ಗೊತ್ತಾಗಿತ್ತು. ಜಲ್ಲಿ ಮೇಲೆ ನಡೆದ್ರೆ ಹಿಂಗೆ, ತಗಡಿನ ಮೇಲೆ ಹಿಂಗೆ, ಮಂಡಿ ಮಟ್ಟದ ನೀರಲ್ಲಿ ಹಿಂಗೆ.

ಒಂದಿನ ಅಂಚು ಹೊಲೀತಾ ಇದ್ದೋಳು ತಡೀಲಾರ್ದೆ ಪ್ಲೈವುಡ್ ಬಡಿದ್ಲು. "ಮುಸವ್ವಿರ್! ನಿನ್ನ ಬೆನ್ನ ಹಿಂದೆ ಒಬ್ಬ ಇದಾನೆ ಮಾರಾಯ. ತಗಡು ಹತ್ತಿದ, ಕೇಳ್ತಿಲ್ವನಾ?"

ಮುಸವ್ವಿರ್ ತಿರುಗಿ ಹೊಡೆದ. ಒಬ್ಬ ಬಿದ್ದ. ಆಮೇಲೆ ಹೆಡ್‌ಫೋನ್ ಕುತ್ತಿಗೆಗೆ ಇಳಿಸ್ಕೊಂಡು ಬಂದು ಅವಳ ಬಾಗಿಲಲ್ಲಿ ನಿಂತ. "ಪ್ರೇಮಕ್ಕ, ನಿಮಗೆ ಕಿವಿ ಕೇಳಲ್ಲ ಅಂತಾರಲ್ಲ?"

"ಯಾರು ಅಂತಾರೆ?"

"ಎಲ್ರೂ."

"ಎಲ್ರ ಹತ್ರ ಹೇಳು, ನಿನ್ನೆ ಅರ್ಶಿಯಾ ನಿಂಗೆ ಮಂಗ ಅಂತ ಎಷ್ಟು ಸಲ ಬೈದ್ಲು ಅಂತ ಎಣ್ಸಿ ಇಟ್ಟಿದೀನಿ. ಹನ್ನೊಂದು."

ಮುಸವ್ವಿರ್ ನಕ್ಕಿದ್ದೇ ನಕ್ಕಿದ್ದು. ಅವತ್ತೇ ಕರ್ಕೊಂಡು ಹೋಗಿ ಕುರ್ಚಿ ಮೇಲೆ ಕೂರ್ಸಿ ತಲೆಗೆ ಹೆಡ್‌ಫೋನ್ ಹಾಕಿದ.

ಆ ಆಟದ ಲೋಕ ಹೆಂಗಿತ್ತು ಗೊತ್ತಾ? ಎಂತದೋ ದೊಡ್ಡ ಅನಾಹುತ ಆಗಿ ಮನುಷ್ಯರೆಲ್ಲಾ ಸತ್ತಿದಾರೆ. ಆಕಾಶದಿಂದ ಬೂದಿ ಉದುರ್ತಾನೇ ಇರತ್ತೆ. ಬಸ್ಸಿನ ಕಿಟಕಿ ತೂರಿ ಮರ ಬೆಳೆದಿದೆ. ಅಂಗಡಿ ಶೆಟರ್ ಅರ್ಧಕ್ಕೆ ನಿಂತಿದೆ. ಉಳಿದ ನಾಲ್ಕು ಜನ ಮುಖಕ್ಕೆ ಮಾಸ್ಕ್ ಕಟ್ಕೊಂಡು, ಗುಂಡು, ಔಷಧಿ, ಡಬ್ಬಿ ತಿಂಡಿ ಹುಡುಕ್ತಾ ತಿರುಗದು. ಕಾಣದು ಬರೀ ಕೋವಿ ಮತ್ತೆ ತನ್ನ ಎರಡು ಕೈ. ಮಾಸ್ಕೊಳಗೆ ತನ್ನದೇ ಉಸಿರು ಸುಯ್ ಸುಯ್. ಪ್ರೇಮಕ್ಕನಿಗೆ ಮೊದಲ ದಿವ್ಸ ಕೊರೋನಾದಾಗಿನ ಕೊಪ್ಪ ಬಸ್‌ಸ್ಟ್ಯಾಂಡ್ ನೆನಪಾತು. ಹೆದರಿಕೆ ಎಂತದೂ ಆಗ್ಲಿಲ್ಲ. ಒಂದು ಪಾಳು ಮನೇಲಿ ಧೂಳು ಹಿಡಿದ ಹೊಲಿಗೆ ಮಷಿನ್ ಕಾಣ್ತು. ಅದ್ರ ಮುಂದೆ ನಿಂತು, "ಇದ್ರ ಬೆಲ್ಟ್ ಹಾಕಿದ್ದು ಉಲ್ಟಾ" ಅಂತ ಹೇಳ್ತಾ ಇರ್ಬೇಕಾದ್ರೆ ಯಾರೋ ಹಿಂದಿಂದ ಬಂದು ಕೊಂದು ಹಾಕಿದ್ರು.

ಎರಡನೇ ವಾರಕ್ಕೆ ಯಾರೂ ಅವಳ ಹಿಂದಿಂದ ಬರ್ಲಿಕ್ಕೆ ಆಗ್ಲಿಲ್ಲ. ಮೂವತ್ತು ವರ್ಷ ಸೂಜಿಗೆ ದಾರ ಪೋಣ್ಸಿದ ಕೈ, ನಡುಗದು ಎಲ್ಲಿಂದ ಬರ್ಬೇಕು? ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ಬೇರೆ. ಆ ಬೂದಿ ಲೋಕದಲ್ಲಿ ಅವಳು ಕುಂಟಲ್ಲ. ಓಡ್ತಾಳೆ. ಗೋಡೆ ಹಾರ್ತಾಳೆ. ಆಟದೊಳಗೆ ಹೆಸರು ಎಂತ ಹಾಕ್ಲಿ ಅಂತ ಮುಸವ್ವಿರ್ ಕೇಳ್ದಾಗ, "ಕೆಪ್ಪಿ ಅಂತಲೇ ಹಾಕು" ಅಂದ್ಲು.

"ಎಂತಕೆ ಪ್ರೇಮಕ್ಕ, ಚೆನ್ನಾಗಿರೋದು ಯಾವ್ದಾದ್ರೂ..."

"ಹಾಕು ಅಂದ್ನಲ್ಲ. ಸಾಯೋರಿಗೆ ಗೊತ್ತಾಗ್ಲಿ, ಯಾರ ಕೈಯಲ್ಲಿ ಸತ್ತದ್ದು ಅಂತ."

ಅಷ್ಟೊತ್ತಿಗೆ ಎಲೆಕ್ಷನ್ ಬಂತು. ಎಲೆಕ್ಷನ್ ಅಂದ್ರೆ ನಿಂಗೆ ಗೊತ್ತಲ್ಲ, ಲೈಸೆನ್ಸ್ ಕೋವಿ ಇದ್ದೋರೆಲ್ಲಾ ಸ್ಟೇಷನ್ನಿಗೆ ಒಪ್ಪಿಸಿ ಬರ್ಬೇಕು. ಯಜ್ಞೇಶಣ್ಣ ಈಗ ಅರವತ್ತಾರರ ಮುದುಕ. ತೋಟ ಗೇಣಿಗೆ ಬಿಟ್ಟು ಕೊಪ್ಪದಲ್ಲೇ ಮನೆ ಕಟ್ಟಿದಾನೆ, ಕೋವಿ ಮಾತ್ರ ಬಿಟ್ಟಿಲ್ಲ. ಕೋವಿ ಸ್ಟೇಷನ್ನಲ್ಲಿ, ಕೈ ಖಾಲಿ. ಬೆರಳು ತುರಿಸ್ತಿತ್ತು ಅಂತ ಕಾಣತ್ತೆ, ಒಂದು ಮಧ್ಯಾಹ್ನ ಮುಸವ್ವಿರ್‌ನ ಸೆಂಟರಿಗೆ ಬಂದು ಕೂತ. ಎರಡು ದಿವ್ಸ ಆಡಿದ, ಮೂರನೇ ದಿವ್ಸದಿಂದ ಪಾಠ ಹೇಳಕ್ಕೆ ಶುರು ಮಾಡಿದ.

"ನೀವೆಲ್ಲಾ ಕಂಪ್ಯೂಟರ್ ಶಿಕಾರಿಗಳು. ನಾನು ಕಾಡಲ್ಲಿ ಹೊಡೆದೋನು. ಕಾಡಿಗೊಂದು ರೂಲ್ಸ್ ಇದೆ, ಕೂ ಹಾಕ್ದೆ ಹೊಡಿಯಂಗಿಲ್ಲ."

ಸಹಕಾರಿ ಬ್ಯಾಂಕಿನ ಗುಮಾಸ್ತ ಶಿಶಿರ ಅಂತ ಒಬ್ಬ ಇದ್ದ, ಒಳ್ಳೆ ಆಟಗಾರ. ಅವನಿಗೆ ಈ ಮಾತು ಹಿಡಿಸ್ತು. "ಹೌದು ಯಜ್ಞೇಶಣ್ಣ, ಬೂದಿ ಜಾಸ್ತಿ ಇದ್ದಾಗ ನಮ್ಮೋರು ಯಾರು ಬೇರೆಯೋರು ಯಾರು ಗೊತ್ತಾಗಲ್ಲ. ಮೈಕಲ್ಲಿ ಮೂರು ಕೂ ಹಾಕಣ. ನಮ್ಮೋರಾದ್ರೆ ಓ ಅನ್ನದು." ಹಂಗೆ ಅದೇ ಟೀಮಿನ ಕಾನೂನು ಆತು.

ಗೋಡೆ ಆಚೆಗೆ ಪ್ರೇಮಕ್ಕನ ಮಷಿನ್ ನಿಂತಿತ್ತು. ಕಾಲು ಪೆಡಲ್ ಮೇಲೇ ಇತ್ತು, ಒತ್ತಲಿಲ್ಲ.

ಮಾರನೇ ದಿವ್ಸದಿಂದ ಅವಳು ಪ್ಲೈವುಡ್ಡಿಗೆ ಕಿವಿ ಕೊಟ್ಟು ಯಜ್ಞೇಶನೊಬ್ಬನ ಆಟವನ್ನೇ ಕೇಳಿದ್ಲು. ಮೂರು ದಿವ್ಸ. ಆ ಮನುಷ್ಯ ಒಂದೇ ಒಂದು ಸಲ ಮೊದ್ಲು ಕೂ ಹಾಕ್ಲಿಲ್ಲ. ಮೆಳೆ ಅಲ್ಲಾಡಿದ ಕೂಡ್ಲೇ ಢಂ. ಆಮೇಲೆ ಮೆಲ್ಲಗೆ, ಲೆಕ್ಕಕ್ಕೆ ಅನ್ನೋ ಹಂಗೆ, "ಕೂ."

ಮೂರನೇ ಸಂಜೆ ಅವಳು ಮುಸವ್ವಿರ್‌ನ ಕೇಳಿದ್ಲು. "ಇದ್ರಲ್ಲಿ ಆಡಿದ್ದೆಲ್ಲಾ ರೆಕಾರ್ಡ್ ಇರತ್ತನಾ?"

"ಇರತ್ತೆ. ಭಾನುವಾರದ ಮ್ಯಾಚ್ ಅಂತೂ ಪೂರ್ತಿ ಇರತ್ತೆ. ಮೈಕಲ್ಲಿ ಮಾತಾಡಿದ್ದೂ ಸೇರಿ."

"ಭಾನುವಾರ ನನ್ನೂ ಟೀಮಿಗೆ ಹಾಕ್ಕೊ."

ಭಾನುವಾರ ಮೂರು ಗಂಟೆಗೆ ಶೃಂಗೇರಿ ಟೀಮಿನ ಜೊತೆ ನೆಟ್ಟಲ್ಲಿ ಮ್ಯಾಚ್ ಇತ್ತು. ಗೆದ್ದೋರಿಗೆ ಮುಂದಿನ ವಾರ ನರಸಿಂಹರಾಜಪುರದೋರ ಮೇಲೆ ಆಟ. ಮುಸವ್ವಿರ್ ಎರಡು ತಿಂಗಳಿಂದ ಅದಕ್ಕೇ ಕುಣೀತಿದ್ದ. ಕೊಪ್ಪದ ಕಡೆಗೆ ನಾಲ್ಕು ಜನ: ಮುಸವ್ವಿರ್, ಶಿಶಿರ, ಯಜ್ಞೇಶಣ್ಣ, ಪ್ರೇಮಕ್ಕ. ಗೋಡೆಗೆ ದೊಡ್ಡ ಟಿವಿ, ನೋಡಕ್ಕೆ ಇಪ್ಪತ್ತೈದು ಜನ. ಬೇಕರಿಯೋರು, ಆಟೋದೋರು, ಅರ್ಶಿಯಾ ಝೆರಾಕ್ಸ್ ಬಿಟ್ಟು ಸ್ಟೂಲ್ ಮೇಲೆ ಹತ್ತಿ ನಿಂತಿದ್ಲು.

ಯಜ್ಞೇಶ ಪ್ರೇಮಕ್ಕನ್ನ ಕಂಡು ನಕ್ಕ. "ಏ ಪ್ರೇಮ, ನೀನೂ ಬಂದ್ಯಾ? ಹೆಡ್‌ಫೋನಲ್ಲಿ ಸೌಂಡ್ ಫುಲ್ ಇಟ್ಕ, ನಿಂಗೆ ಬೇಕು."

"ಇಟ್ಟಿದೀನಿ ಯಜ್ಞೇಶಣ್ಣ. ನಿಮ್ಮ ಕೂ ತಪ್ಪಿ ಹೋಗ್ಬಾರ್ದಲ್ಲ" ಅಂದ್ಲು.

ಆಟ ಶುರು ಆತು. ಆ ಸಲ ಬಂದ ಜಾಗ ಒಂದು ಒಣಗಿದ ಕೆರೆ, ದಡದ ತುಂಬಾ ಆಳೆತ್ತರದ ಹುಲ್ಲು. ಬೂದಿ ದಪ್ಪಗೆ ಬೀಳ್ತಿತ್ತು, ಹತ್ತು ಮಾರು ಆಚೆಗೆ ಕಾಣ್ತಿರ್ಲಿಲ್ಲ. ಮುಸವ್ವಿರ್, ಶಿಶಿರ ಇಬ್ರೂ ಪಂಪ್‌ಹೌಸ್ ಕಡೆ ಹೋದ್ರು. ಪ್ರೇಮಕ್ಕ ಹೋಗ್ಲಿಲ್ಲ. ಹುಲ್ಲಿನೊಳಗೆ ನುಗ್ಗಿ ಬಗ್ಗಿ ಕೂತ್ಲು. ಮೆಳೇಲಿ ಕಳಲೆ ಮುರಿಯೋರು ಹೆಂಗೆ ಬಗ್ಗಿ ಕೂರ್ತಾರೆ, ಥೇಟ್ ಹಂಗೆ. ಆಮೇಲೆ ಅತ್ಲಾಗೆ ಒಂದು ಹೆಜ್ಜೆ, ಇತ್ಲಾಗೆ ಒಂದು ಹೆಜ್ಜೆ. ಹುಲ್ಲು ಸರಸರ ಅಂತು.

ಯಜ್ಞೇಶ ಬರ್ತಿದ್ದ. ಬ್ಯಾಗ್ ತುಂಬಾ ಡಬ್ಬಿ ತುಂಬ್ಕೊಳ್ಳೋ ಚಾಳಿ ಅವನಿಗೆ, ಹೆಜ್ಜೆಗೊಂದ್ಸಲ ಟಿಣ್ ಟಿಣ್ ಅಂತಿತ್ತು. ಹುಲ್ಲು ಅಲ್ಲಾಡಿದ್ದು ಕಂಡ. ನಿಂತ. ಮಾಸ್ಕಿನ ಉಸಿರು ಕಟ್ಟಿದ್ದೂ ಅವಳಿಗೆ ಕೇಳ್ತು.

ಪ್ರೇಮಕ್ಕ ಮೌಸಿಂದ ಕೈ ತೆಗ್ದು ತೊಡೆ ಮೇಲಿಟ್ಲು. ಬಾಯಿ ಓ ಅನ್ನಕ್ಕೆ ತಯಾರಾಗೇ ಇತ್ತು. ಕೂ ಹಾಕಿದ್ರೆ ಓ ಅಂತೀನಿ. ಹಾಕಿದ್ರೆ ಅವತ್ತೂ ಹಾಕಿದ್ದ ಅಂತ ಒಪ್ಕೊಂಡು, ಇನ್ನು ಸಾಯೋತನಕ ಕೆಪ್ಪಿ ಅಂದ್ರೂ ಸುಮ್ನಿರ್ತೀನಿ. ಹಾಕು ಮಾರಾಯ. ಒಂದೇ ಒಂದು ಹಾಕು.

ಕೋವಿಯ ಕುದುರೆ ಎಳೆದ ಸದ್ದು, ಕಟಕ್.

ಢಂ!

ಪರದೆ ಕೆಂಪಾತು. ಪ್ರೇಮಕ್ಕ ಹುಲ್ಲಲ್ಲಿ ಬಿದ್ಲು. ಆಮೇಲೆ, ಅದೇ ಮೆಲ್ಲಗಿನ ದನಿ ಹೆಡ್‌ಫೋನಲ್ಲಿ, "ಕೂ."

ಇಪ್ಪತ್ತೈದು ಜನರೂ ಹೋ ಅಂದ್ರು. "ನಮ್ಮೋರನ್ನೇ ಹೊಡೆದ್ರಲ್ಲ!" "ಏ ಯಜ್ಞೇಶಣ್ಣ, ಎಂತ ಮಾಡಿದ್ರಿ?" ಟೀಮಿನೋರು ಸತ್ತಿದ್ದಕ್ಕೆ ಶೃಂಗೇರಿಯೋರಿಗೆ ಪುಕ್ಕಟೆ ಪಾಯಿಂಟ್, ಮೊದಲ ರೌಂಡ್ ಅಲ್ಲಿಗೇ ಅವರದ್ದಾತು. ಮುಸವ್ವಿರ್ ತಲೆ ಮೇಲೆ ಕೈ ಹೊತ್ಕೊಂಡ.

ಯಜ್ಞೇಶ ಹೆಡ್‌ಫೋನ್ ತೆಗ್ದು ಕುರ್ಚಿ ತಿರುಗಿಸಿದ. ಮುಖದ ಮೇಲೆ ನಾಚಿಕೆ ಎಂತದೂ ಇಲ್ಲ. "ಮೂರು ಸಲ ಕೂ ಹಾಕಿದೆ. ಇವಳಿಗೆ ಕೇಳ್ದಿದ್ರೆ ನಾನೆಂತ ಮಾಡ್ಲಿ?"

ಅದೇ ಮಾತು. ಮೂವತ್ನಾಲ್ಕು ವರ್ಷ ಆದ್ರೂ ಒಂದು ಅಕ್ಷರ ಸವೆದಿರ್ಲಿಲ್ಲ.

ಕೆಲವರು ಪ್ರೇಮಕ್ಕನ ಕಡೆ ನೋಡಿ ಪಾಪ ಅನ್ನೋ ಹಂಗೆ ತಲೆ ಆಡ್ಸಿದ್ರು. ಅವಳು ಎದ್ದು ನಿಂತ್ಲು. "ಮುಸವ್ವಿರ್, ಎರಡನೇ ರೌಂಡ್ ಒಂಚೂರು ತಡಿ. ರೆಕಾರ್ಡ್ ಹಾಕು. ಟಿವಿ ಸೌಂಡ್ ಜಾಸ್ತಿ ಮಾಡು, ನಾನು ಕೆಪ್ಪಿ ಅಲ್ವಾ."

ಮುಸವ್ವಿರ್ ಹಾಕಿದ. ಸರಸರ. ಟಿಣ್ ಟಿಣ್. ಉಸಿರು. ಕಟಕ್. ಢಂ. ಕೂ.

"ಇನ್ನೊಂದ್ಸಲ" ಅಂದ್ಲು.

ಕಟಕ್. ಢಂ. ಕೂ.

"ಎಣ್ಸಿ ಎಲ್ರೂ. ಗುಂಡಿಗೆ ಮುಂಚೆ ಎಷ್ಟು ಕೂ?"

ಸ್ಟೂಲ್ ಮೇಲಿಂದ ಅರ್ಶಿಯಾ ಹೇಳಿದ್ಲು, "ಒಂದೂ ಇಲ್ಲ ಪ್ರೇಮಕ್ಕ. ಗುಂಡು ಬಿದ್ದ ಮೇಲೆ ಒಂದು."

"ಮುಸವ್ವಿರ್, ಇನ್ನೊಂದ್ಸಲ."

ಯಜ್ಞೇಶನ ಕಿವಿ ತುದಿ ಕೆಂಪಾಗಿತ್ತು. "ಸಾಕು ಮಾರಾಯ್ತಿ! ಇದು ಆಟ. ಆಟಕ್ಕೂ ಅದಕ್ಕೂ ಎಂತ ಸಂಬಂಧ?"

ಪ್ರೇಮಕ್ಕ ಕುಂಟ್ತಾ ಅವನ ಕುರ್ಚಿ ಮುಂದೆ ಬಂದ್ಲು. "ಅದು ಅಂದ್ರೆ ಯಾವ್ದು ಯಜ್ಞೇಶಣ್ಣ? ಇಲ್ಲಿ ಯಾರೂ ಇನ್ನೊಂದರ ಮಾತೇ ಎತ್ತಿಲ್ವಲ್ಲ."

ಕೂತೋರಲ್ಲಿ ವಯಸ್ಸಾದೋರು ಮೂರ್ನಾಲ್ಕು ಜನ ಇದ್ರು, ಅವರಿಗೆ ಅಡ್ಡಗದ್ದೆ ಸುದ್ದಿ ಗೊತ್ತಿತ್ತು. ಒಬ್ಬ ಪಕ್ಕದೋನಿಗೆ ಹೇಳಿದ, ಅವನು ಅವನ ಪಕ್ಕದೋನಿಗೆ. ಎಲ್ರೂ ಅವನ ಮುಖವನ್ನೇ ನೋಡ್ತಿದ್ರು.

ಇಲ್ಲಿಗೆ ಮುಗೀತು ಅಂತ ಬೇರೆ ಯಾರಾದ್ರೂ ಆಗಿದ್ರೆ ಮನೆಗೆ ಹೋಗ್ತಿದ್ರು. ಪ್ರೇಮಕ್ಕ ವಾಪಸ್ ಹೋಗಿ ತನ್ನ ಕುರ್ಚಿ ಮೇಲೆ ಕೂತು ಹೆಡ್‌ಫೋನ್ ಹಾಕ್ಕೊಂಡ್ಲು. "ಇನ್ನೊಂದು ರೌಂಡ್ ಬಾಕಿ ಇದೆಯಲ್ಲ. ಆಡಣ. ಯಜ್ಞೇಶಣ್ಣ, ಎದ್ದು ಹೋದ್ರೆ ಹೆದ್ರಿಕೊಂಡು ಹೋದ್ರು ಅಂತಾರೆ ಮತ್ತೆ."

ಎದ್ದು ಹೋಗಂಗಿಲ್ಲ, ಕೂತಿರಂಗಿಲ್ಲ. ಕೂತ.

ಎರಡನೇ ರೌಂಡಲ್ಲಿ ಶೃಂಗೇರಿಯೋರು ಎಲ್ಲಿದಾರೆ ಅಂತ ಪ್ರೇಮಕ್ಕ ತಿರುಗಿಯೂ ನೋಡ್ಲಿಲ್ಲ. ಬೂದಿಯೊಳಗೆ ಟಿಣ್ ಟಿಣ್ ಹುಡುಕ್ತಾ ಹೋದ್ಲು. ಯಜ್ಞೇಶ ಈ ಸಲ ಬುದ್ಧಿವಂತಿಕೆ ಮಾಡಿ ಬ್ಯಾಗ್ ಬಿಸಾಕಿ, ಒಂದು ಮುರಿದ ಬಸ್ಸಿನ ಹಿಂದೆ ಅಲುಗಾಡ್ದೆ ಕೂತಿದ್ದ. ಆದ್ರೆ ಉಸಿರು ಬಿಸಾಕಕ್ಕೆ ಆಗತ್ತಾ? ಮಾಸ್ಕಿನ ಸುಯ್ ಸುಯ್ ಹಿಡ್ಕೊಂಡು ಅವಳು ಬಸ್ಸಿನ ಇನ್ನೊಂದು ಮಗ್ಗುಲಿಗೆ ಬಂದು ಕೋವಿ ಎತ್ತಿದ್ಲು.

ಹೊಡೀಲಿಲ್ಲ. ಬಾಯಿ ತೆಗ್ದು ಗಟ್ಟಿಯಾಗಿ, ಬಸ್‌ಸ್ಟ್ಯಾಂಡಿಗೇ ಕೇಳಂಗೆ ಹಾಕಿದ್ಲು.

"ಕೂ!"

ಯಜ್ಞೇಶ ಅವಳಿಂದ ನಾಲ್ಕು ಅಡಿ ದೂರದ ಕುರ್ಚೀಲಿ ಕೂತಿದ್ದ. ತುಟಿ ಬಿಗಿದಿತ್ತು. ಓ ಅಂದ್ರೆ ಉಳೀತಿದ್ದ. ಓ ಅಂದ್ರೆ, ಕೂ ಹಾಕಿದ್ರೆ ಮನುಷ್ಯ ಓ ಅಂತಾನೆ, ಮೆಳೇಲಿದ್ದ ಹುಡುಗಿಯೂ ಅಂತಿದ್ಲು ಅಂತ ಎಲ್ರ ಮುಂದೆ ಒಪ್ಕೊಂಡಂಗೆ.

"ಕೂ!"

"ಯಜ್ಞೇಶಣ್ಣ, ಓ ಅನ್ನಿ" ಅಂದ ಶಿಶಿರ ಮೆಲ್ಲಗೆ.

ಆಸಾಮಿ ಅನ್ಲಿಲ್ಲ.

"ಕೂ!" ಮೂರನೇದು. ಪ್ರೇಮಕ್ಕ ಪೂರ್ತಿ ಒಂದು ಉಸಿರು ಕಾದ್ಲು. ಕಟ್ಟಳೆ ಅಂದ್ರೆ ಕಟ್ಟಳೆ. ಆಮೇಲೆ ಬಲಮಂಡಿಗೆ ಗುರಿ ಇಟ್ಟು ಹೊಡೆದ್ಲು. ಬಿದ್ದ. ತೆವಳಿದ. ಅವಳು ಕೋವಿಗೆ ಎರಡನೇ ಗುಂಡು ಹಾಕಿದ್ಲು, ಅವಸರ ಎಂತದೂ ಇಲ್ಲ, ಸೂಜಿಗೆ ದಾರ ಹಾಕಿದಂಗೆ. ಅದನ್ನೂ ಹೊಡೆದ್ಲು.

ಟಿವೀಲಿ ಬಂತು: ಕೆಪ್ಪಿ ಕೊಂದದ್ದು ಯಜ್ಞೇಶನನ್ನು.

"ಮೂರು ಸಲ ಹಾಕಿದೆ" ಅಂದ್ಲು ಹೆಡ್‌ಫೋನ್ ತೆಗೀತಾ. "ಕೇಳ್ದಿದ್ರೆ ನಾನೆಂತ ಮಾಡ್ಲಿ?"

ಮ್ಯಾಚ್ ಶೃಂಗೇರಿಯೋರು ಗೆದ್ರು. "ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ್ದು ನೀರಲ್ಲಿ ಹೋತಲ್ಲ ಪ್ರೇಮಕ್ಕ" ಅಂತ ಮುಸವ್ವಿರ್ ಒಂದು ವಾರ ಗೊಣಗಿದ. "ನೀರಲ್ಲೂ ಇಲ್ಲ, ಬೂದೀಲೂ ಇಲ್ಲ. ಹೋಗ್ಬೇಕಾದಲ್ಲಿಗೇ ಹೋತು" ಅಂದ್ಲು ಅವಳು. ರೆಕಾರ್ಡ್ ಮಾತ್ರ ಅರ್ಶಿಯಾ ಫೋನಿಂದ ಹೊರಟು ಮೂರು ತಾಲೂಕೂ ಸುತ್ತಿ ಬಂತು.

ಅಂಗಡೀಲಿ ಒಂದು ನಷ್ಟ ಆತು. ಹೆಂಗಸರು ಈಗ ಅವಳ ಮುಂದೆ ಪಿಸುಗುಡದೇ ಬಿಟ್ಟಿದಾರೆ, ಊರಿನ ಸುದ್ದಿ ಎಂತದೂ ಸಿಗಲ್ಲ. ಯಜ್ಞೇಶನ ಹೆಂಡ್ತಿ ಸುಬ್ಬಲಕ್ಷ್ಮಿ ಬ್ಲೌಸ್ ಬಟ್ಟೆ ತಂದೋರು, ಬಾಗಿಲಲ್ಲೇ ನಿಂತು, "ಇವ್ರು ಬರ್ಬೇಕು ಅಂತಿದಾರೆ ಪ್ರೇಮಕ್ಕ. ಎಂತದೋ ಹೇಳದಿದೆಯಂತೆ" ಅಂದ್ರು.

"ಹೇಳಕ್ಕೆ ಮೂವತ್ನಾಲ್ಕು ವರ್ಷ ಇತ್ತು. ಬ್ಲೌಸ್ ಬುಧವಾರ ಕೊಡ್ತೀನಿ" ಅಂದ್ಲು.

ಜೂನಲ್ಲಿ ಎಣಿಕೆ ಮುಗಿದು ಕೋವಿ ವಾಪಸ್ ಕೊಟ್ರು. ಯಜ್ಞೇಶ ಗೋಣಿ ಸುತ್ತಿದ ಕೋವಿ ಹೆಗಲಿಗೆ ಹಾಕ್ಕೊಂಡು, ತಲೆ ಬಗ್ಸಿ ಬಸ್‌ಸ್ಟ್ಯಾಂಡ್ ದಾಟ್ತಿದ್ದ. ಬೇಕರಿಯೊಳಗಿಂದ ಯಾರೋ, "ಕೂ!" ಅಂದ್ರು. ಹೆಜ್ಜೆ ಜೋರಾತು. ಆಟೋ ಸಾಲಿಂದ ಇನ್ನೊಂದು, "ಕೂ!"

ಪ್ರೇಮಕ್ಕ ಮಷಿನ್ ನಿಲ್ಲಿಸಿದ್ಲು. ಹಲ್ಲಲ್ಲಿ ದಾರ ಕಡಿದು ಬಾಗಿಲಿಗೆ ಬಂದ್ಲು. ಮೂರನೇದು ಅವಳದ್ದು. ಅದಕ್ಕೂ ಅವನು ತಿರುಗ್ಲಿಲ್ಲ. ಆದ್ರೆ ನಾಲ್ಕು ಹೆಜ್ಜೆ ಹೋಗಿ ನಿಂತ. ಹಂಗೇ ಹಿಂದೆ ತಿರುಗಿ, ಯಾರ ಮುಖವನ್ನೂ ನೋಡ್ದೆ, ಗೋಣಿ ಸುತ್ತಿದ ಕೋವಿ ಹೊತ್ಕೊಂಡು ಸ್ಟೇಷನ್ ಕಡೆಗೇ ವಾಪಸ್ ನಡೆದ.

ಕೋವೀನ ಕಾಯಂ ಒಪ್ಪಿಸಿ ಬರಕ್ಕೆ ಅರ್ಧ ಗಂಟೆ ಹಿಡೀತು. ಅಷ್ಟೊತ್ತೂ ಅವಳು ಬಾಗಿಲಲ್ಲೇ ನಿಂತಿದ್ಲು. ಬರೀ ಹೆಗಲಲ್ಲಿ ಬರ್ತಿರದು ಕಂಡ ಮೇಲೇ ಒಳಗೆ ಹೋಗಿ ಪೆಡಲ್ ಒತ್ತಿದ್ದು.